ಹಳೆಯದಾದರೂ ಸರಿ, ಒಂದು ಜೊತೆ ಬೇಕು

ಜನವರಿ 6

ತಮ್ಮಾ,

ಫೋನಿನಲ್ಲಿ ಮಾತಿಗೆ ಮಾತು ಬೆಳೆದು ಇಬ್ಬರಲ್ಲಿ ಒಬ್ಬರು ಕಟ್ ಮಾಡಿಬಿಡುತ್ತೇವೆ, ಇನ್ನು ಮೇಲೆ ಏನಿದ್ದರೂ ಕಾಗದದಲ್ಲೇ ಎಂದು ಕಾನೂನು ಮಾಡಿದವನು ನೀನು. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಆದ್ದರಿಂದ ಪೂರ್ತಿ ಓದು.

ನಾನು ನೂರು ಕಿಲೋಮೀಟರ್ ನಡೆಯಲು ಹೊರಟಿದ್ದೇನೆ. ನಗಬೇಡ. ಹೊಟ್ಟೆ ಇಷ್ಟು ಉರಿಯುತ್ತಿರುವಾಗ ಸುಮ್ಮನೆ ಕೂರುವುದಕ್ಕಿಂತ ನಡೆಯುವುದೇ ವಾಸಿ.

ನಮ್ಮ ಆಸ್ಪತ್ರೆಯಲ್ಲಿ ರೋಗಿಗಳಿಗೆ ಮಂಚವಿದೆ. ಅವರ ಜೊತೆ ಬಂದವರಿಗೆ ಏನೂ ಇಲ್ಲ. ದೂರದಿಂದ ಬಂದವರು ಎಲ್ಲಿಗೆ ಹೋಗಬೇಕು? ಮೆಟ್ಟಿಲ ಕೆಳಗೆ, ಕಾರಿಡಾರಿನ ಗೋಡೆಯ ಬುಡದಲ್ಲಿ, ಚೀಲವನ್ನೇ ದಿಂಬು ಮಾಡಿಕೊಂಡು ಮಲಗುತ್ತಿದ್ದರು. ಹೊಸದಾಗಿ ಬಂದ ದೊಡ್ಡ ಡಾಕ್ಟರಿಗೆ ಅದು ಕಣ್ಣಿಗೆ ಚುಚ್ಚಿತು. ಓಡಿಸಿದರೆ ಪೇಪರಿನಲ್ಲಿ ಬರುತ್ತದೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ಅದಕ್ಕೆ ಉಪಾಯ ಮಾಡಿದರು: ಸಂಜೆ ಭೇಟಿಯ ಗಂಟೆ ಮುಗಿದ ಕೂಡಲೇ ಕಾರಿಡಾರಿಗೆ ಬಕೆಟ್ಟುಗಟ್ಟಲೆ ನೀರು ಹೊಯ್ಯಬೇಕು, ಒರೆಸಬಾರದು. ಈಗ ಜನ ಒದ್ದೆ ನೆಲದ ಅಂಚಿನಲ್ಲಿ ಕೋಳಿಗಳ ಹಾಗೆ ಕುಕ್ಕರುಗಾಲಿನಲ್ಲಿ ಬೆಳಗು ಮಾಡುತ್ತಾರೆ.

ನಾನು ಹೋಗಿ ಕೇಳಿದೆ. “ರೋಗಿಗಳಲ್ಲದವ್ರಿಗೆ ಆಸ್ಪತ್ರೇಲಿ ಏನ್ ಕೆಲ್ಸ?” ಎಂದರು. “ಮಗು ಒಳಗಿದ್ರೆ ತಾಯಿಗೆ ಹೊರಗೆ ಕಾಯೋ ಕೆಲ್ಸ ಸಾರ್” ಎಂದೆ. “ನೀವು ಬಟ್ಟೆ ಒಗೀರಿ” ಎಂದರು. ಹೌದು, ಬಟ್ಟೆ ಒಗೆಯುವ ವಿಭಾಗಕ್ಕೆ ನಾನು ಮುಖ್ಯಸ್ಥೆ. ಕೊಳೆ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತದೆ.

ಇಲ್ಲಿನ ನಡಿಗೆ ಸಂಘದವರು ವರ್ಷಕ್ಕೊಮ್ಮೆ ಬೆಟ್ಟಗಳ ದಾರಿಯಲ್ಲಿ ದಾನಕ್ಕಾಗಿ ದೊಡ್ಡ ನಡಿಗೆ ಏರ್ಪಡಿಸುತ್ತಾರೆ. ನಾಲ್ವರ ತಂಡ. ದಾರಿಯಲ್ಲಿ ಹಾಜರಿ ಹಾಕುವ ಪ್ರತಿ ಠಾಣೆಯನ್ನೂ ನಾಲ್ವರೂ ಒಟ್ಟಿಗೆ, ಗಡುವಿನೊಳಗೆ ದಾಟಬೇಕು; ಒಬ್ಬರು ಕಡಿಮೆಯಾದರೂ ತಂಡ ಲೆಕ್ಕಕ್ಕಿಲ್ಲ. ನಮಗೆ ಹಾಸಿಗೆ ಬಟ್ಟೆ ಕೊಡುವ ವ್ಯಾಪಾರಿ ಮಾತು ಕೊಟ್ಟಿದ್ದಾರೆ: ನಮ್ಮ ತಂಡ ಗುರಿ ಮುಟ್ಟಿದರೆ ರೋಗಿಗಳ ಕಡೆಯವರು ಮಲಗಲು ಹಿತ್ತಿಲಲ್ಲಿ ಒಂದು ಕೊಠಡಿ ಕಟ್ಟಿಸಿಕೊಡುತ್ತಾರೆ.

ತಂಡದಲ್ಲಿ ನಾನು, ಇಸ್ತ್ರಿ, ಮೌನಿ, ಆಂಬುಲೆನ್ಸ್ ಡ್ರೈವರ್. ಇಸ್ತ್ರಿ ನಮ್ಮ ಇಸ್ತ್ರಿ ಮಾಡುವವಳು. ನಡೆಯುವುದೂ ಮಡಿಕೆ ಬೀಳದ ಹಾಗೆ. ಮೌನಿ ಲಿಫ್ಟ್ ನಡೆಸುವವನು. ನೆಲಮಹಡಿಯಲ್ಲಿ ಶುರು ಮಾಡಿದ ಕಥೆಯನ್ನು ಮೇಲಿನ ಮಹಡಿಯಲ್ಲೂ ಮುಗಿಸುವುದಿಲ್ಲ, ಅದಕ್ಕೆ ಆ ಹೆಸರು. ಒದ್ದೆ ಹಾಸಿಗೆ ಬಟ್ಟೆಯ ಮೂಟೆಗಳನ್ನು ಬೆನ್ನಿಗೆ ಕಟ್ಟಿ ಎಲ್ಲರನ್ನೂ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದೇನೆ. ಕಾಲಿಗೆ ಸದ್ಯಕ್ಕೆ ರಬ್ಬರ್ ಚಪ್ಪಲಿ. ಬೂಟು ಹೊಲಿಯುವ ತಮ್ಮನಿರುವುದು ಯಾತಕ್ಕೆ? ಏನಾದರೂ ಹೇಳು.

ಅಕ್ಕ

* * *

ಜನವರಿ 19

ಅಕ್ಕಾ,

ನಗಬೇಡ ಎಂದೆ, ನಕ್ಕೆ. ಆದರೆ ರಬ್ಬರ್ ಚಪ್ಪಲಿ ಎಂಬಲ್ಲಿಗೆ ಬಂದಾಗ ನಗು ನಿಂತಿತು. ನೂರು ಕಿಲೋಮೀಟರ್! ರಬ್ಬರ್ ಚಪ್ಪಲಿ! ನಿಮ್ಮ ದೊಡ್ಡ ಡಾಕ್ಟರ್ ನೆಲಕ್ಕೆ ನೀರು ಹೊಯ್ಯುತ್ತಾರೆ, ನೀನು ನಾಲ್ವರ ಕಾಲಿಗೆ ಬೆಂಕಿ ಇಡುತ್ತಿದ್ದೀಯ. ಇಬ್ಬರಲ್ಲಿ ಯಾರು ಹೆಚ್ಚು ಕ್ರೂರಿ ಎಂದು ಯೋಚಿಸುತ್ತಿದ್ದೇನೆ.

ಇವತ್ತಿನಿಂದಲೇ ಅವನ್ನು ಬಿಡಿಸು. ಎಲ್ಲರ ಪಾದದ ಗೆರೆ ಎಳೆದು ಕಳಿಸು, ನಾನೇ ಹೊಲಿಯುತ್ತೇನೆ. ಬೆಳಿಗ್ಗೆ ಎಳೆಯಬೇಡ, ಬೆಳಗಿನ ಪಾದ ಸುಳ್ಳು ಹೇಳುತ್ತದೆ. ದಿನವಿಡೀ ನಿಂತು ಊದಿಕೊಂಡ ಮೇಲೆ, ಸಂಜೆ. ಕೂತು ಎಳೆಯಬಾರದು, ನಿಂತು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು. ಪೆನ್ಸಿಲನ್ನು ಇನ್ನೊಬ್ಬರು ಹಿಡಿಯಬೇಕು.

ನೀನು ಸಿಟ್ಟಿನಲ್ಲಿ ನಡೆಯುವವಳು, ಹಿಮ್ಮಡಿ ಕುಟ್ಟುತ್ತೀಯ. ನಿನ್ನದಕ್ಕೆ ಅಲ್ಲಿ ಇನ್ನೊಂದು ಪದರ ಹಾಕುತ್ತೇನೆ.

ನಾನು ಎಂದಿನಂತೆಯೇ. ಕೆಳಗೆ ಅಂಗಡಿ, ಮೇಲೆ ಕೋಣೆ. ಬರೆಯುವಂಥದ್ದು ಏನೂ ಇಲ್ಲ.

ತಮ್ಮ

* * *

ಫೆಬ್ರವರಿ 11

ತಮ್ಮಾ,

ಗೆರೆಗಳನ್ನು ಇಟ್ಟಿದ್ದೇನೆ. ಮೂರೇ ಇವೆ. ಯಾಕೆ ಅಂತ ಓದು.

ಡ್ರೈವರ್ ನಮ್ಮೆಲ್ಲರಿಗಿಂತ ಗಟ್ಟಿಗನಾಗಿದ್ದ. ಕಳೆದ ವಾರ ಕಣ್ಣು ತಪ್ಪಿಸಲು ಶುರು ಮಾಡಿದ. ಹಿಡಿದು ಕೇಳಿದರೆ, ನಡಿಗೆಯ ದಿನ ಅವನಿಗೆ ಡ್ಯೂಟಿ ಬಿದ್ದಿದೆಯಂತೆ. ಹಾಕಿದವರು ಯಾರು? ದೊಡ್ಡ ಡಾಕ್ಟರೇ. ಮಾರನೆಯ ದಿನ ನನ್ನನ್ನು ಕರೆಸಿ, ನಗುನಗುತ್ತಾ ಕುರ್ಚಿ ತೋರಿಸಿದರು. “ನಿಮ್ಗೆ ಒಬ್ರು ಕಮ್ಮಿ ಅಂತ ಕೇಳ್ದೆ. ನಾನೇ ಬರ್ತೀನಿ. ಶುರೂಲಿ ಬಾವುಟ ಹಿಡ್ಕೊಂಡು ನಡೀತೀನಿ. ಕೊನೇ ತಿರುವಲ್ಲಿ ಮತ್ತೆ ಸೇರ್ಕೋತೀನಿ. ಮಧ್ಯೆ ಕಾರಲ್ಲಿ ಹಿಂದೇನೇ ಇರ್ತೀನಿ” ಎಂದರು.

“ನಾಲ್ವರೂ ಪ್ರತಿ ಠಾಣೆ ದಾಟ್ಬೇಕು ಸಾರ್” ಎಂದೆ.

“ಠಾಣೆಯವ್ರು ನನ್ನ ಪರಿಚಯದವ್ರೇ” ಎಂದರು.

ತಮ್ಮಾ, ಜನರಿಗೆ ಮಲಗಲು ಬಿಡದವರು ಜನರು ಮಲಗುವ ಕೊಠಡಿಗಾಗಿ ನಡೆಯುತ್ತಾರಂತೆ, ಅದೂ ಕಾರಿನಲ್ಲಿ ಕೂತು! ಊರಿಗೆಲ್ಲ ನೀರು ಕುಡಿಸಿ ಫೋಟೋದಲ್ಲಿ ಕೊಡ ಹಿಡಿದು ನಿಲ್ಲುವ ಜಾತಿ. ಬೇಡ ಎಂದು ಎದ್ದು ಬಂದೆ. ಇಸ್ತ್ರಿ ನನ್ನ ಮೇಲೆ ಸಿಟ್ಟಾಗಿದ್ದಾಳೆ: “ಕೊಠಡಿ ಆದ್ರೆ ಸಾಕಲ್ವಾ ಅಕ್ಕಾ, ಯಾರ ಕಾಲಾದ್ರೇನು?”

ಹೆಸರು ಕೊಡಲು ಇನ್ನೂ ಸಮಯವಿದೆ. ಆದ್ದರಿಂದ ಕೇಳುತ್ತಿದ್ದೇನೆ, ಕೇಳಲು ಸಂಕೋಚವೂ ಆಗುತ್ತಿದೆ. ನನಗೆ ಇನ್ನೊಂದು ಜೊತೆ ಬೇಕು. ಹಳೆಯದಾದರೂ ಸರಿ, ಬೆಟ್ಟ ಹತ್ತಿ ಪಳಗಿದ್ದಾಗಿರಬೇಕು. ಸ್ವಲ್ಪ ಒರಟಾದರೂ ಅಡ್ಡಿಯಿಲ್ಲ, ನನಗೆ ಅಭ್ಯಾಸವಿದೆ. ಹೊಸದು ಈ ಹೊತ್ತಿನಲ್ಲಿ ನನಗೆ ಹೊಂದುವುದಿಲ್ಲ. ಇಷ್ಟು ಹೇಳಿದರೆ ನಿನಗೆ ಅರ್ಥವಾಗುತ್ತದೆ.

ಅಕ್ಕ

* * *

ಫೆಬ್ರವರಿ 27

ಅಕ್ಕಾ,

ಪಾರ್ಸೆಲ್ಲಿನಲ್ಲಿ ನಾಲ್ಕು ಜೊತೆ ಇವೆ. ಮೂರು ಹೊಸವು. ಇಸ್ತ್ರಿಯವರ ಎಡಪಾದ ಬಲಕ್ಕಿಂತ ಉದ್ದ, ಎರಡಕ್ಕೂ ಬೇರೆ ಬೇರೆ ಅಚ್ಚು ಹಿಡಿದಿದ್ದೇನೆ. ಮೌನಿಯವರ ಗೆರೆ ನಡುವೆ ಮೂರು ಕಡೆ ಜಾರಿದೆ. ಕಾಗದದ ಮೇಲೆ ನಿಂತೂ ಮಾತಾಡುತ್ತಿದ್ದರು ಅಂತ ಕಾಣುತ್ತದೆ.

ನಾಲ್ಕನೆಯದರ ಬಗ್ಗೆ ನನಗೆ ಬೇಜಾರಾಗಿದೆ, ಮುಚ್ಚಿಡುವುದಿಲ್ಲ. ಹೊಸದು ಹೊಂದುವುದಿಲ್ಲ, ಹಳೆಯದು ಕೊಡು ಎಂದರೆ ಏನರ್ಥ? ನನ್ನ ಹೊಲಿಗೆಯ ಮೇಲೆ ನಿನಗೆ ನಂಬಿಕೆಯಿಲ್ಲ ಎಂದಲ್ಲವೇ? ಇಷ್ಟು ವರ್ಷ ಈ ಕಸುಬು ಮಾಡಿ ಸ್ವಂತ ಅಕ್ಕನಿಂದ ಇದನ್ನು ಓದಬೇಕಾಯಿತು. ಇರಲಿ, ಕೇಳಿದ್ದೀಯ. ಬೆಟ್ಟ ಹತ್ತಿ ಪಳಗಿದ ಹಳೆಯ ಬೂಟು ನನ್ನ ಅಂಗಡಿಯಲ್ಲಿ ಇದ್ದದ್ದು ಒಂದೇ, ಅದು ನನ್ನದು. ಒಳಗೆ ಕಾಗದ ತುರುಕಿ ಕಳಿಸಿದ್ದೇನೆ. ನಾಲ್ಕನೆಯವರು ಯಾರೇ ಸಿಗಲಿ, ಹಾಕಿಕೊಳ್ಳಲಿ. ನನಗಿನ್ನು ಅದರಿಂದ ಉಪಯೋಗವಿಲ್ಲ.

ದೊಡ್ಡ ಡಾಕ್ಟರಿಗೆ ನೀನು ಹೇಳಿದ್ದು ಸರಿ. ಇನ್ನೂ ಎರಡು ಮಾತು ಸೇರಿಸಬಹುದಿತ್ತು.

ತಮ್ಮ

* * *

ಮಾರ್ಚ್ 5

ತಮ್ಮನೆಂಬುವನೇ,

ನಿನ್ನನ್ನು ಕರೆದೆ. ನೀನು ನಿನ್ನ ಬೂಟು ಕಳಿಸಿದೆ!

ಇಸ್ತ್ರಿ, ಮೌನಿ ಇಬ್ಬರನ್ನೂ ಕೂರಿಸಿಕೊಂಡು ಪಾರ್ಸೆಲ್ ಬಿಚ್ಚಿದೆ. “ನನ್ನ ತಮ್ಮ ಬರೋ ದಿನ ಬರ್ದಿರ್ತಾನೆ ನೋಡಿ” ಎಂದು ಮೊದಲೇ ಜಂಬ ಕೊಚ್ಚಿದ್ದೆ. ಒಳಗಿನಿಂದ ಹೊರಬಂದದ್ದು ಖಾಲಿ ಬೂಟು. ಅದನ್ನು ಸಿಂಹಾಸನದ ಮೇಲಿಟ್ಟು ನಿನ್ನ ಪರವಾಗಿ ರಾಜ್ಯಭಾರ ಮಾಡಲೇನು? ಜೊತೆ ಬೇಕು ಅಂದರೆ ಜೊತೆಗೆ ಒಬ್ಬರು ಬೇಕು ಅಂತ ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ಹಳೆಯದು, ಪಳಗಿದ್ದು, ಒರಟು. ಇನ್ನು ಯಾರ ಬಗ್ಗೆ ಹೇಳಬೇಕಿತ್ತು? ನಿನ್ನ ಹೆಸರು ಬರೆದು ಕೆಳಗೆ ಗೆರೆ ಎಳೆಯಬೇಕಿತ್ತೇ?

ಒಂದು ಕಾಲಕ್ಕೆ ಬೆಟ್ಟದಲ್ಲಿ ನೀನು ಮುಂದೆ, ನಾನು ಹಿಂದೆ. ನಿಲ್ಲೋ ಎಂದರೆ ನಿಲ್ಲುತ್ತಿರಲಿಲ್ಲ. ಈಗಂತೂ ಕರೆದದ್ದೇ ಕೇಳಿಸುವುದಿಲ್ಲ. ಅಥವಾ ಕೇಳಿಸಿಯೂ ಬೂಟಿನ ಹಿಂದೆ ಬಚ್ಚಿಟ್ಟುಕೊಂಡೆಯಾ? “ನನಗಿನ್ನು ಉಪಯೋಗವಿಲ್ಲ” ಎಂದು ಬರೆದಿದ್ದೀಯಲ್ಲ, ಅದು ಬೂಟಿನ ಬಗ್ಗೆಯೋ ನನ್ನ ಬಗ್ಗೆಯೋ?

ನಾಳೆಯ ಪಾರ್ಸೆಲ್ಲಿನಲ್ಲಿ ನಿನ್ನ ಬೂಟು ವಾಪಸ್ಸು ಬರುತ್ತದೆ. ಕಾಗದವನ್ನೂ ತುರುಕಿಯೇ ಕಳಿಸುತ್ತೇನೆ.

ಅಕ್ಕ

* * *

ಮಾರ್ಚ್ 24

ಅಕ್ಕಾ,

ಉತ್ತರ ಬರೆಯಲು ತಡವಾಯಿತು. ಮೂರು ಸಲ ಬರೆದು ಹರಿದೆ.

ಜೊತೆ ಎಂದರೆ ನನ್ನ ಅಂಗಡಿಯಲ್ಲಿ ಒಂದೇ ಅರ್ಥ. ಬೆಳಗಿನಿಂದ ಸಂಜೆವರೆಗೆ ಎರಡು ಜೊತೆ ಕೊಡಿ, ಈ ಜೊತೆ ಬಿಗಿ, ಆ ಜೊತೆ ಸಡಿಲ. ಆ ಪದಕ್ಕೆ ಇನ್ನೊಂದು ಅರ್ಥವಿತ್ತು ಎನ್ನುವುದು ಮನೆಯವಳು ತೀರಿಹೋದ ಮೇಲೆ ನನಗೆ ಮರೆತೇಹೋಗಿದೆ. ನಗಲಿಕ್ಕೆ ಬರೆದದ್ದಲ್ಲ.

ನೀನು ಕರೆದದ್ದು ತಿಳಿದ ಮೇಲೂ ನಾನು ಬರಲಾರೆ. ನಿನ್ನ ಕಣ್ಣಲ್ಲಿ ಇನ್ನೂ ಬೆಟ್ಟದಲ್ಲಿ ಮುಂದೆ ಓಡುತ್ತಿದ್ದ ತಮ್ಮ ಇದ್ದಾನೆ. ಆ ತಮ್ಮ ಈಗಿಲ್ಲ. ಮೈ ಬಂದಿದೆ. ಅಂಗಡಿಯಿಂದ ಮೇಲಿನ ಕೋಣೆಗೆ ಹೋಗುವಾಗ ನಡುವಿನ ಮೆಟ್ಟಿಲಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತೇನೆ. ತರಕಾರಿಯವನು ಮನೆ ಬಾಗಿಲಿಗೇ ಬರುವುದರಿಂದ ನಾನು ಬೀದಿಯ ಕೊನೆ ನೋಡಿಯೇ ಬಹಳ ದಿನವಾಯಿತು. ನಾಲ್ವರೂ ಒಟ್ಟಿಗೆ ದಾಟಬೇಕಾದ ಕಡೆ ನಾನು ಬಂದರೆ ನಿಮ್ಮ ಮೂವರ ಕಾಲಿಗೂ ಕಲ್ಲು ಕಟ್ಟಿದ ಹಾಗೆ.

ಇಸ್ತ್ರಿಯವರ ಮಾತೇ ಸರಿ. ಕೊಠಡಿ ಆಗಲಿ. ದೊಡ್ಡ ಡಾಕ್ಟರನ್ನೇ ಸೇರಿಸಿಕೋ.

ತಮ್ಮ

* * *

ಮಾರ್ಚ್ 29

ತಮ್ಮಾ,

ಅಯ್ಯೋ ಎನ್ನುತ್ತೇನೆ ಎಂದುಕೊಂಡಿದ್ದರೆ ಕಾಗದವನ್ನು ಇಲ್ಲೇ ಮಡಚಿಡು.

ನಿನಗೆ ಉಸಿರು ಸಾಲುವುದಿಲ್ಲ ಎಂದು ನನಗೆ ಯಾರು ಹೇಳಬೇಕು? ಪೇಪರಿನವರೇ? ಜನವರಿಯ ಕಾಗದದಲ್ಲಿ “ಎಂದಿನಂತೆಯೇ” ಎಂದು ಬರೆದೆ. ಎಂದಿನಂತೆ ಎಂದರೆ ಇದಾ?

ಈಗ ಮೊನ್ನೆಯ ಕಥೆ ಕೇಳು. ಮಕ್ಕಳ ವಾರ್ಡಿನ ಹೊರಗೆ ಒಬ್ಬಳಿದ್ದಾಳೆ, ಕೆಂಪು ಚೀಲದಾಕೆ. ಮಗ ಒಳಗೆ. ಎಷ್ಟೋ ದಿನದಿಂದ ನೆಟ್ಟಗೆ ಮಲಗಿಲ್ಲ. ಸಂಜೆ ನೀರು ಹೊಯ್ದರು. ಅವಳು ಎದ್ದೇಳಲೂ ಇಲ್ಲ, ಆ ನೀರಿನಲ್ಲೇ ಒರಗಿಬಿಟ್ಟಳು. ನಾನು ತಳ್ಳುಗಾಡಿಯಲ್ಲಿ ಒಗೆದ ಬಟ್ಟೆ ಒಯ್ಯುತ್ತಿದ್ದೆ. ತಲೆ ಕೆಟ್ಟಿತು. ಗಾಡಿಯಲ್ಲಿದ್ದ ಹಾಸಿಗೆ ಬಟ್ಟೆಯನ್ನೆಲ್ಲ ನೆಲಕ್ಕೆ ಎಸೆದು ಕಾರಿಡಾರ್ ಒರೆಸಿದೆ. ಮೌನಿ ಲಿಫ್ಟ್ ನಿಲ್ಲಿಸಿ ಬಂದ. ಕೊನೆಗೆ ಇಸ್ತ್ರಿ ಬಂದಳು. ತಾನು ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ತಾನೇ ಮಂಡಿಯೂರಿ ಒರೆಸಿದಳು, ತಮ್ಮಾ. ಒರೆಸುತ್ತಾ, “ಅವ್ರ ಕಾಲು ಬೇಡಕ್ಕಾ ನಮ್ಗೆ” ಎಂದಳು. ಮಾರನೆಯ ದಿನ ನನಗೆ ಮೆಮೊ ಬಂತು: ಆಸ್ಪತ್ರೆಯ ಬಟ್ಟೆಯ ದುರುಪಯೋಗ.

ಆದ್ದರಿಂದ ದೊಡ್ಡ ಡಾಕ್ಟರನ್ನು ಸೇರಿಸಿಕೋ ಎಂದು ಇನ್ನೊಮ್ಮೆ ಬರೆಯಬೇಡ. ಕೈ ಮುರಿಯುತ್ತೇನೆ.

ನಮಗೆ ಓಡುವವನು ಬೇಡ. ಯಾರು ಹಿಂದಿರುತ್ತಾರೋ ಅವರ ವೇಗವೇ ತಂಡದ ವೇಗ. ನಿನ್ನ ಹಿಂದೆಯೇ ನಡೆಯುತ್ತೇವೆ. ನಾಳೆಯಿಂದ ಶುರು ಮಾಡು. ಮೊದಲು ಮೆಟ್ಟಿಲು. ನಡುವೆ ಕೂರುವುದು ಬೇಡ, ನಿಂತು ಉಸಿರಾಡು. ಆಮೇಲೆ ಬೀದಿಯ ಕೊನೆ. ಆಮೇಲೆ ಪಕ್ಕದ ಬೀದಿ. ತರಕಾರಿಯವನಿಗೆ ಬರಬೇಡ ಎಂದು ಹೇಳು, ನೀನೇ ಅವನ ಹತ್ತಿರ ಹೋಗು. ಮಾತಾಡುತ್ತಾ ನಡೆಯಲು ಆದರೆ ವೇಗ ಸರಿಯಿದೆ, ಆಗದಿದ್ದರೆ ಹೆಚ್ಚಾಯಿತು. ಜೊತೆಗೆ ಯಾರೂ ಇಲ್ಲದಿದ್ದರೆ ನನ್ನನ್ನು ಬೈಯುತ್ತಾ ನಡೆ. ವಿಷಯಕ್ಕೆ ಬರವಿಲ್ಲ.

ನಿನ್ನ ಹೆಸರು ಕೊಟ್ಟಾಯಿತು.

ಅಕ್ಕ

* * *

ಏಪ್ರಿಲ್ 20

ಅಕ್ಕಾ,

ಕೇಳದೆಯೇ ಹೆಸರು ಕೊಟ್ಟದ್ದಕ್ಕೆ ಮೊದಲ ವಾರವಿಡೀ ನಿನ್ನನ್ನು ಬೈಯುತ್ತಾ ನಡೆದೆ. ಬೀದಿಯವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡರು. ತರಕಾರಿಯವನು “ಯಾರ್ಗಾದ್ರೂ ಮೈ ಹುಷಾರಿಲ್ವಾ?” ಎಂದು ಕೇಳಿದ. ನಾನು ಅವನ ಗಾಡಿಯವರೆಗೆ ಬಂದದ್ದು ನೋಡಿ ಅವನಿಗೆ ಅಷ್ಟು ಗಾಬರಿ.

ವಾಪಸ್ಸು ಬಂದ ನನ್ನ ಹಳೆಯ ಬೂಟು ಹಾಕಿಕೊಳ್ಳಲು ನೋಡಿದೆ. ಕಾಲು ಒಳಗೆ ಹೋಗಲಿಲ್ಲ! ಮೈಯ ಜೊತೆ ಪಾದವೂ ಅಗಲವಾಗಿದೆ. ಊರಿನ ಕಾಲೆಲ್ಲ ಅಳೆದವನು ನನ್ನದನ್ನೇ ಅಳೆದಿರಲಿಲ್ಲ. ಗೆರೆ ಎಳೆದುಕೊಳ್ಳೋಣವೆಂದು ಕಾಗದದ ಮೇಲೆ ನಿಂತು ಬಗ್ಗಿದರೆ, ಭಾರವೆಲ್ಲ ಬೆರಳಿಗೆ ಬಂದು ಪಾದದ ಆಕಾರವೇ ಬದಲಾಗುತ್ತದೆ. ನೆಟ್ಟಗೆ ನಿಂತರೆ ಪೆನ್ಸಿಲ್ ಎಟುಕುವುದಿಲ್ಲ. ಕೊನೆಗೆ ಎದುರಿನ ಟೈಲರಮ್ಮನನ್ನು ಕರೆದೆ. ಆಕೆ ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ, “ಅಲುಗಾಡ್ಬೇಡಿ. ನಮ್ಮನೆಯವ್ರೂ ಹಿಂಗೇ ಕುಣೀತಿದ್ರು” ಎಂದರು. ನನ್ನ ಪಾದವನ್ನು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಯಿತು ಎಂದು ಆಗ ನೆನಪಾಯಿತು.

ಹೊಸ ಬೂಟು ಹೊಲಿದೆ. ಈಗ ಕೆರೆಯವರೆಗೆ ಹೋಗಿ ಬರುತ್ತೇನೆ. ಏರು ಸಿಕ್ಕರೆ ಇನ್ನೂ ಏದುಸಿರು. ಹೋದ ವಾರ ಒಂದು ದಿನ ಎದೆ ಬಡಿತಕ್ಕೆ ಹೆದರಿ ಡಾಕ್ಟರ ಹತ್ತಿರ ಹೋದೆ. ನಿಧಾನಕ್ಕಾದರೆ ನಡೆಯಬಹುದು ಎಂದಿದ್ದಾರೆ. ಈ ಸಲ ಏನನ್ನೂ ಮುಚ್ಚಿಡುತ್ತಿಲ್ಲ.

ಆ ಕೆಂಪು ಚೀಲದಾಕೆಯ ಮಗ ಹೇಗಿದ್ದಾನೆ?

ತಮ್ಮ

* * *

ಮೇ 2

ತಮ್ಮಾ,

ಮಗ ಹಾಗೇ ಇದ್ದಾನೆ. ಅವಳೂ ಹಾಗೇ ಇದ್ದಾಳೆ, ಒದ್ದೆಯ ಅಂಚಿನಲ್ಲಿ.

ದೊಡ್ಡ ಡಾಕ್ಟರ್ ಹೊಸ ಆಟ ಹೂಡಿದರು: ಅವರ ಸಹಿಯಿಲ್ಲದೆ ಆಸ್ಪತ್ರೆಯ ಹೆಸರನ್ನು ತಂಡಕ್ಕೆ ಇಡಬಾರದಂತೆ. ಇಡುವುದೂ ಇಲ್ಲ. ಸಂಘದವರು ತಂಡದ ಹೆಸರು ಕೇಳಿದಾಗ ಇಸ್ತ್ರಿ ಮುಂದೆ ಬಂದು “ಒದ್ದೆ ನೆಲ” ಎಂದು ಬರೆಸಿದಳು. ಅವರು ಎರಡು ಸಲ ಕೇಳಿದರು, ಎರಡು ಸಲವೂ ಹೇಳಿದಳು. ಕಾರಿನಲ್ಲಿ ಬಂದು ಹುರಿದುಂಬಿಸುತ್ತೇನೆ ಎಂದು ದೊಡ್ಡ ಡಾಕ್ಟರ್ ಎಲ್ಲರೆದುರು ಘೋಷಿಸಿದ್ದಾರೆ. ಬರಲಿ, ರಸ್ತೆ ಅವರಪ್ಪನದೂ ಅಲ್ಲ, ನಮ್ಮಪ್ಪನದೂ ಅಲ್ಲ.

ನಡಿಗೆಯ ಹಿಂದಿನ ದಿನ ಸಂಜೆಯ ಬಸ್ಸಿಗೆ ಬಾ. ಉಗುರು ಕತ್ತರಿಸಿಕೊಂಡು ಬಾ. ಮೌನಿ ನಿನಗಾಗಿ ನೂರು ಕಿಲೋಮೀಟರಿಗೆ ಸಾಲುವಷ್ಟು ಕಥೆ ಕೂಡಿಟ್ಟಿದ್ದಾನೆ, ದೇವರೇ ಕಾಪಾಡಬೇಕು.

ಅಕ್ಕ

* * *

ಮೇ 19

ಅಕ್ಕಾ,

ನಡಿಗೆಯ ನಡುವೆ ಹೇಳದೆ ಹೊರಟುಬಿಟ್ಟೆ. ಮುಖ ತೋರಿಸುವ ಧೈರ್ಯವಿರಲಿಲ್ಲ.

ಕೊನೆಯ ಏರಿಗೆ ಮೊದಲಿನ ಠಾಣೆಯಲ್ಲಿ ನೀನು ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಡೇರೆಯೊಳಗೆ ಹೋದೆ. ನಾನು ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ದೊಡ್ಡ ಡಾಕ್ಟರ್ ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ, ನಾಡಿ ಹಿಡಿದು ನೋಡಿದರು. “ನೀವಿದ್ರೆ ಇವ್ರು ಗಡುವಿನೊಳಗೆ ತಲುಪಲ್ಲ. ನಿಮ್ಮ ನಂಬರ್ ನನಗೆ ಕೊಡಿ. ನಾನು ಅವರ ಜೊತೆ ಹತ್ತುತ್ತೀನಿ. ಕೊಠಡಿ ಆಗತ್ತೆ. ಅದೇ ತಾನೆ ಬೇಕಾಗಿರೋದು?” ಎಂದರು. ಅದೇ ತಾನೆ ಬೇಕಾಗಿರುವುದು. ಎದೆಯ ಮೇಲಿನ ಬಟ್ಟೆಯ ನಂಬರನ್ನು ಬಿಚ್ಚಿ ಕೊಟ್ಟೆ. ಅವರ ಕಾರೇ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಟ್ಟಿತು.

ಕೊಠಡಿಯ ಪಾಯ ತೋಡುವಾಗ ಒಂದು ಸಾಲು ಬರೆ. ಬೈಯಬೇಡ, ಅಕ್ಕಾ. ಅಷ್ಟು ದೂರ ನಡೆದದ್ದೇ ನನಗೆ ಹೆಚ್ಚು.

ತಮ್ಮ

* * *

ಮೇ 25

ತಮ್ಮಾ,

ಯಾವ ಪಾಯ? ಯಾವ ಕೊಠಡಿ?

ನಾನು ಡೇರೆಯಿಂದ ಹೊರಬಂದರೆ ನಿನ್ನ ನಂಬರು ಆ ಮನುಷ್ಯನ ಎದೆಯ ಮೇಲೆ! ಧೂಳಿಲ್ಲದ ಬೂಟು, ಬೆವರಿಲ್ಲದ ಅಂಗಿ, ಅದರ ಮೇಲೆ ನಿನ್ನ ಬೆವರಿನಲ್ಲಿ ನೆಂದ ಬಟ್ಟೆಯ ತುಂಡು. “ಅವ್ರು ಸುಸ್ತಾಗಿ ಹೋದ್ರು. ಬನ್ನಿ, ಹೊರಡೋಣ” ಎಂದರು. ಇಸ್ತ್ರಿ ಹೋಗಿ ಅವರೆದುರು ನಿಂತಳು. ಮೇಲಿನವರ ಎದುರು ತಲೆ ಎತ್ತಿದವಳಲ್ಲ. ಒಂದೊಂದೇ ಪಿನ್ನು ಬಿಚ್ಚುತ್ತಾ, “ಇದು ನಿಮ್ದಲ್ಲ ಸಾರ್, ಇದು ಅಣ್ಣಂದು” ಎಂದಳು. ನಂಬರನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.

ನೀನು ಮರಗಳ ಆಚೆ ಎಲ್ಲೋ ಕೂತಿರುತ್ತೀಯ, ಬರುತ್ತೀಯ ಎಂದು ಕಾದೆವು. ಮೌನಿ ನಿನ್ನನ್ನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ. ಗಡುವು ಮುಗಿಯಿತು. ಆಮೇಲೆ ಮೂವರೇ ಹತ್ತಿದೆವು. ಗುರಿಯಲ್ಲಿ ಬ್ಯಾನರ್ ಸುತ್ತುತ್ತಿದ್ದರು. ವ್ಯಾಪಾರಿಯನ್ನು ಕೇಳಿದರೆ, “ತಂಡ ತಲುಪಿದ್ರೆ ಅಂದಿದ್ದೆ, ಮಾತು ಅಂದ್ರೆ ಮಾತು” ಎಂದರು. ಅವರದು ತಪ್ಪಲ್ಲ.

ತಪ್ಪು ನಿನ್ನದು. ಕೊಟ್ಟದ್ದು ನಿನ್ನ ನಂಬರಲ್ಲ, ನಮ್ಮ ನಾಲ್ವರದು. ಕೊಡಲು ನೀನ್ಯಾರು? ಗಡುವಿನೊಳಗೆ ತಲುಪದಿದ್ದರೆ ನಾಲ್ವರೂ ತಲುಪದೆ ಇರುತ್ತಿದ್ದೆವು. ಕೊನೆಯ ಏರಿನಲ್ಲಿ ನಿನ್ನನ್ನು ಹೊತ್ತುಕೊಂಡಾದರೂ ಹತ್ತುತ್ತಿದ್ದೆ. ಒದ್ದೆ ಬಟ್ಟೆಯ ಮೂಟೆಗಿಂತ ನೀನೇನು ಭಾರ?

ಅಕ್ಕ

* * *

ಮೇ 31

ಅಕ್ಕಾ,

ಈ ಸಲ ನಾನು ಬೈಯುತ್ತೇನೆ, ನೀನು ಓದು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಿಟ್ಟಿಳಿದ ಮೇಲೆ ಅಂಟುವುದಿಲ್ಲ. ಅದೂ ನೀನು ಕೊಯ್ದದ್ದು ನಿನ್ನ ಮೂಗಲ್ಲ. ನಾನು ಮಾನ ಬಿಟ್ಟು, ಕಳ್ಳನ ಹಾಗೆ ಬಸ್ಸು ಹತ್ತಿದ್ದು ಯಾತಕ್ಕೆ? ಆ ಕೆಂಪು ಚೀಲದಾಕೆ ನೆಟ್ಟಗೆ ಕಾಲು ಚಾಚಲಿ ಎಂದು. ಅವಳಿಗೆ ನಂಬರು ಯಾರ ಎದೆಯ ಮೇಲಿತ್ತು ಎನ್ನುವುದು ಬೇಕಾ? ಠಾಣೆಯವರು ಅವರ ಪರಿಚಯದವರೇ ಆಗಿದ್ದರಲ್ಲ. ಸುಳ್ಳು ಹೌದು. ಸುಳ್ಳಿನ ಮೇಲೆ ಕಟ್ಟಿದರೂ ಕೊಠಡಿಯ ನೆಲ ಒಣಗಿಯೇ ಇರುತ್ತಿತ್ತು.

ನೀನು ನ್ಯಾಯ ಉಳಿಸಿಕೊಂಡೆ. ಮನೆಗೆ ಬಂದು ನಿನ್ನ ಹಾಸಿಗೆಯಲ್ಲಿ ಮಲಗಿದೆ. ಅವಳು ಎಲ್ಲಿ ಮಲಗಿದಳು? ಅದಕ್ಕೆ ಉತ್ತರ ಬರೆ. ಬೇರೆ ಏನನ್ನೂ ಬರೆಯಬೇಡ.

ತಮ್ಮ

* * *

ಜೂನ್ 12

ತಮ್ಮಾ,

ನಿನ್ನ ಕಾಗದ ಬಂದದ್ದು ಪಾಳಿ ಮುಗಿಯುವ ಹೊತ್ತಿಗೆ. ಯಾರೂ ನೋಡದ ಕಡೆ ಓದೋಣವೆಂದು ಬಟ್ಟೆ ಒಣಗಿಸುವ ದೊಡ್ಡ ಕೋಣೆಗೆ ಹೋಗಿ ನೆಲದ ಮೇಲೆ ಕೂತೆ. ಓದಿದೆ. “ಅವಳು ಎಲ್ಲಿ ಮಲಗಿದಳು?” ಎಂಬುದನ್ನು ಎರಡು ಸಲ ಓದಿದೆ. ನಿನಗೆ ಬೈಯಲು ಬಾಯಿ ತೆರೆದರೆ ಅಳು ಬಂತು. ಅಳುತ್ತಾ ಗೋಡೆಗೆ ಒರಗಿ ಕಾಲು ಚಾಚಿದೆ. ಬೆನ್ನಿಗೆ ಬೆಚ್ಚಗಿತ್ತು. ನೆಲವೂ ಬೆಚ್ಚಗಿತ್ತು.

ಹಬೆಯ ಕೊಳವೆ ನಿಲ್ಲಿಸಿದ ಮೇಲೂ ಆ ಕೋಣೆ ಬೆಳಗಿನವರೆಗೆ ಬೆಚ್ಚಗಿರುತ್ತದೆ. ಸಂಜೆ ಬೀಗ ಹಾಕಿದರೆ ಬೆಳಿಗ್ಗೆಯೇ ತೆಗೆಯುವುದು. ಇಡೀ ಆಸ್ಪತ್ರೆಯಲ್ಲಿ ಇಷ್ಟು ಒಣಗಿದ ನೆಲ ಇನ್ನೊಂದಿಲ್ಲ. ಮಕ್ಕಳ ವಾರ್ಡಿಗೆ ಒಂದು ಕೂಗಿನ ದೂರ. ಬೀಗದ ಕೈ ನನ್ನ ಸೊಂಟದಲ್ಲಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆ, ತಮ್ಮಾ. ಬೆಟ್ಟವನ್ನೂ ಬಿಡಲಿಲ್ಲ.

ಅಂದೇ ಸಂಜೆ, ನೀರು ಹೊಯ್ಯುವವರು ಬಕೆಟ್ ಎತ್ತುವ ಮೊದಲೇ ಕಾರಿಡಾರಿಗೆ ಹೋಗಿ, “ಎದ್ದು ನನ್ ಜೊತೆ ಬನ್ನಿ” ಎಂದೆ. ಕೆಂಪು ಚೀಲದಾಕೆ ಮೊದಲು ಅನುಮಾನದಿಂದ ನೋಡಿದಳು. ಇಲ್ಲಿ ಯಾರು ಕರೆದರೂ ಹೊರಗೆ ಹಾಕಲಿಕ್ಕೇ ಕರೆಯುವುದು. ಇಸ್ತ್ರಿ ನೆಲಕ್ಕೆ ಬಟ್ಟೆ ಹಾಸಿದಳು. ಕೆಂಪು ಚೀಲದಾಕೆ ಮಲಗಿದ ಕೂಡಲೇ ನಿದ್ದೆ ಹೋದಳು, ಚೀಲವನ್ನು ಕೈಯಿಂದ ಬಿಟ್ಟು. ಅವತ್ತಿನಿಂದ ದಿನವೂ ಹೀಗೆಯೇ ನಡೆದಿದೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವರೇ ಎದ್ದು ಬಟ್ಟೆ ಮಡಚಿ ಕೊಡುತ್ತಾರೆ.

ನೀನು ನಂಬರು ಕೊಟ್ಟದ್ದು ತಪ್ಪೇ. ಅದರಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಆದರೆ ನೀನು ಕೇಳಿದ ಪ್ರಶ್ನೆ ಕೇಳಿರದಿದ್ದರೆ ನಾನು ಇನ್ನೂ ಆ ಮನುಷ್ಯನನ್ನು ಬೈಯುತ್ತಾ ಕೂತಿರುತ್ತಿದ್ದೆ.

ಇಂದು ಮುಂಜಾನೆ ಸುದ್ದಿ ದೊಡ್ಡ ಡಾಕ್ಟರಿಗೆ ಮುಟ್ಟಿದೆ. ಬೀಗದ ಕೈ ಈ ಕ್ಷಣವೇ ತರಬೇಕೆಂದು ಜವಾನನನ್ನು ಕಳಿಸಿದರು. ಕೊಡದಿದ್ದರೆ ಕೆಲಸ ಹೋಗುತ್ತದಂತೆ. ಹೋಗಬಹುದು. ಜವಾನ ಬಾಗಿಲಲ್ಲಿ ನಿಂತು ಒಳಗೆ ನೋಡಿದ, ದನಿ ತಾನಾಗಿಯೇ ಇಳಿಯಿತು. “ಏನ್ ಹೇಳ್ಲಿ ಅಕ್ಕಾ?” ಎಂದ.

“ಬೀಗದ ಕೈ ಬೇಕಾದ್ರೆ ಅವ್ರೇ ಬರ್ಬೇಕಂತೆ ಅಂತ ಹೇಳು. ಬೂಟು ಹೊರಗೆ ಬಿಚ್ಚಿ, ಸದ್ದು ಮಾಡ್ದೆ ಬರ್ಲಿ. ಜನ ಮಲಗಿದ್ದಾರೆ” ಎಂದೆ.

ಅಕ್ಕ